ಭೋಜರಾಜನ ಎಂಟು ಕುದುರೆಗಳು

ತಿರುವಾನ್ಮಿಯೂರಿನ ಸಾಗರ್ ಅಪಾರ್ಟ್‌ಮೆಂಟಿನ ಸಮಸ್ತ ನಿವಾಸಿಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಶನಿವಾರ ಬೆಳಿಗ್ಗೆ, ಕಾಫಿಗೂ ತಿಂಡಿಗೂ ನಡುವಿನ ಶುಭ ಮುಹೂರ್ತದಲ್ಲಿ, ನೆಲಮಹಡಿಯ ಭೋಜರಾಜನ ಬೋಟು ಮೋಟಾರು ಒಂದು ಸಲ ಕೆಮ್ಮಿತು. ಒಂದೇ ಸಲ. ಆಮೇಲೆ ಮೌನವ್ರತ ಹಿಡಿಯಿತು.

"ಕೆಮ್ತು! ಅನಸೂಯಾ, ಕೆಮ್ತು ಕಣೇ!" ಭೋಜರಾಜ ಹಿತ್ತಿಲಿನಿಂದ ಕೂಗಿದ.

"ಕಫ ಇರ್ಬೇಕು. ಮೆಣಸಿನ ಸಾರು ಮಾಡ್ಕೊಡ್ಲಾ?" ಅಡುಗೆಮನೆಯಿಂದ ಹೆಂಡತಿಯ ಉತ್ತರ ಬಂತು.

ಭೋಜರಾಜ ಎರಡು ವರ್ಷದ ಹಿಂದೆ ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದವನು. ನಿವೃತ್ತಿಯೇನೋ ಸ್ವಯಂ ಆಗಿತ್ತು. ಅದರ ನಂತರದ ವೃತ್ತಿ ಮಾತ್ರ ಸ್ವಯಂ ಆಗಿ ಬರಲಿಲ್ಲ. ಕೊನೆಗೆ ಕೋವಳಂ ದಾರಿಯಲ್ಲಿ ಹಿನ್ನೀರಿನ ದಂಡೆಯ ಒಂದು ದೋಣಿಮನೆಯವರು ಆಸೆ ತೋರಿಸಿದ್ದರು. ಅವರಲ್ಲಿ ದೋಣಿಯಿತ್ತು, ಮೋಟಾರಿರಲಿಲ್ಲ. ಮೋಟಾರು ತಂದು ಭಾನುವಾರದ ಪರೀಕ್ಷೆಯಲ್ಲಿ ಪಾಸಾದವನಿಗೆ ಪ್ರವಾಸಿಗರನ್ನು ಸುತ್ತಾಡಿಸುವ ಕೆಲಸ. ಮುನ್ನೀರಿಗಿಳಿಯಲು ಧೈರ್ಯ ಸಾಲದ ಭೋಜರಾಜನಿಗೆ ಹಿನ್ನೀರು ಹಿತವಾಗಿ ಕಂಡಿತು. ಕಾಸಿಮೇಡಿನ ಬಂದರಿನಿಂದ ಎಂಟು ಕುದುರೆ ಶಕ್ತಿಯ ಹಳೆಯ ಮೋಟಾರೊಂದನ್ನು ಆಟೋದಲ್ಲಿ ಮಲಗಿಸಿಕೊಂಡು, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಂದ.

ಪರೀಕ್ಷೆಯಲ್ಲಿ ಫೇಲಾದರೆ ಸೋಮವಾರದಿಂದ ಸೌಕಾರ್‌ಪೇಟೆ. ಅನಸೂಯಳ ಅಣ್ಣ ಕಾಂತಪ್ಪ ಅಲ್ಲಿನ ಜವಳಿ ಸೇಟೊಬ್ಬನ ಗೋದಾಮಿನಲ್ಲಿ ಗುಮಾಸ್ತೆಯ ಕೆಲಸ ಮಾತಾಡಿಟ್ಟಿದ್ದ. ಕಿಟಕಿಯಿಲ್ಲದ ಕೋಣೆ, ಟ್ಯೂಬ್‌ಲೈಟು, ಸೂರಿನವರೆಗೆ ಸೀರೆಗಳ ಕಟ್ಟು. ಅದನ್ನು ನೋಡಿಕೊಂಡು ಬಂದ ದಿನ ಭೋಜರಾಜ ಊಟ ಮಾಡಿರಲಿಲ್ಲ. "ಇಷ್ಟು ವರ್ಷ ಕೌಂಟರ್ ಹಿಂದೆ ಕೂತಿದ್ದು ಸಾಕಾಯ್ತು ಕಣೇ. ಇನ್ನೊಂದ್ಸಲ ಒಳಗೆ ಕೂರ್ಸಿದ್ರೆ ನಾನು ಎದ್ದು ಬರಲ್ಲ" ಎಂದಿದ್ದ. ಯಾವ ಮಾತಿಗೂ ತಮಾಷೆಯ ಬಾಲ ಅಂಟಿಸುತ್ತಿದ್ದ ಗಂಡ ಅವತ್ತು ಅಂಟಿಸಲಿಲ್ಲ. ಅದಕ್ಕೇ ಅನಸೂಯ ಮೋಟಾರನ್ನು ಮನೆಯೊಳಕ್ಕೆ ಬಿಟ್ಟುಕೊಂಡಿದ್ದಳು.

ಮೊದಲೆರಡು ದಿನ ಮೋಟಾರು ಕೆಮ್ಮಲೂ ಇಲ್ಲ. ಹಗ್ಗ ಎಳೆದೆಳೆದು ಭೋಜರಾಜನ ತೋಳು ಜೋತುಬಿತ್ತು. ಪಕ್ಕದ ಮನೆಯ ಮಧ್ವರಾಜರು ಗೋಡೆಯ ಮೇಲಿಂದ ಸಲಹೆ ಸುರಿಸುತ್ತಿದ್ದರು. ಅವರು ಹುಟ್ಟಿದ್ದು ಮಲ್ಪೆ. ದುಡಿದದ್ದು ಗಿಂಡಿಯ ವಿಮಾ ಕಚೇರಿ. ಕಡಲಿನೊಂದಿಗಿನ ಅವರ ಸಂಬಂಧ ಬಂಗುಡೆ ಸಾರಿನಾಚೆಗೆ ದಾಟಿರಲಿಲ್ಲ.

"ಪ್ಲಗ್ ಬಿಚ್ಚಿ ನೋಡಿ ಮಾರಾಯ್ರೆ, ಒದ್ದೆ ಆಗಿರ್ತದೆ."

ಪ್ಲಗ್ ಒದ್ದೆಯಾಗಿಯೇ ಇತ್ತು. ಒರೆಸಿ ಹಾಕಿದರು. ಕಿಡಿ ಮಾತ್ರ ಬರಲಿಲ್ಲ. ಕಿಡಿ ಯಾಕಿಲ್ಲವೆಂದು ತಲೆ ಕೆರೆದುಕೊಳ್ಳುತ್ತಿರುವಾಗ ಮಗಳು ಚಿನ್ಮಯಿ ಟ್ಯೂಷನ್ನಿಗೆ ಹೊರಟಳು. ಅವಳ ಸೈಕಲ್ ಕೀಲಿಗೆ ಕೆಂಪು ಸುರುಳಿ ದಾರ, ದಾರದ ತುದಿಗೊಂದು ಪುಟ್ಟ ಕ್ಲಿಪ್ಪು.

"ಅದೆಲ್ಲಿತ್ತೇ?"

"ಮೋಟರ್ ಜೊತೆ ಸುಮ್ನೆ ತೊಂಗ್ತಾ ಇತ್ತು ಪಾ. ಸೂಪರಾ ಇರುಕ್ಕುಲ್ಲ? ಚೆನ್ನಾಗಿಲ್ವಾ?"

ಆ ಕ್ಲಿಪ್ಪನ್ನು 'ಸ್ಟಾಪ್' ಗುಂಡಿಯ ಕೆಳಗೆ ಸಿಕ್ಕಿಸದಿದ್ದರೆ ಮೋಟಾರಿಗೆ ಕಿಡಿಯೇ ಹುಟ್ಟುವುದಿಲ್ಲ. ಓಡಿಸುವವನು ನೀರಿಗೆ ಬಿದ್ದರೆ ದಾರದ ಜೊತೆ ಕ್ಲಿಪ್ಪೂ ಕಿತ್ತುಕೊಂಡು ಬಂದು, ದೋಣಿ ಅವನನ್ನು ಬಿಟ್ಟು ಓಡದಿರಲಿ ಎಂದು ಮಾಡಿದ ಏರ್ಪಾಡು. ಮಗಳ ಕೀಲಿಯಿಂದ ಅದನ್ನು ಕಸಿದು ಸಿಕ್ಕಿಸಿ ಹಗ್ಗ ಎಳೆದಾಗಲೇ ಮೇಲೆ ಪ್ರಕಟಿಸಿದ ಐತಿಹಾಸಿಕ ಕೆಮ್ಮು ಸಂಭವಿಸಿದ್ದು.

ಮತ್ತೆ ಎಳೆದ. ಈ ಸಲ ಮೋಟಾರು ಗುಡುಗಿತು! ಹೊಗೆ ಗೋಡೆ ದಾಟಿ ಮಧ್ವರಾಜರನ್ನು ನುಂಗಿತು. ಭೋಜರಾಜ ಎರಡೂ ಕೈ ಎತ್ತಿ ನಿಂತ. ಐದು ನಿಮಿಷವಾಗುವಷ್ಟರಲ್ಲಿ ಗುಡುಗು ಗೊರಕೆಯಾಯಿತು, ಗೊರಕೆ ಬಿಕ್ಕಳಿಕೆಯಾಯಿತು, ನಿಂತೇಹೋಯಿತು. ಹೀಗೇ ಮೂರು ಸಲ.

"ಕಾರ್ಬ್ಯುರೇಟರ್ ಹೋಗಿದೆ" ಎಂದರು ಮಧ್ವರಾಜರು.

"ಇರಿ, ಪೆಟ್ರೋಲೇ ಮುಗೀತೇನೋ" ಎಂದು ಭೋಜರಾಜ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಟ್ಯಾಂಕು 'ಉಸ್ಸ್' ಎಂದು ಉಸಿರೆಳೆದುಕೊಂಡಿತು. ಅವನು ಬೆಚ್ಚಿ ಹಿಂದೆ ಸರಿದ. ಆಮೇಲೆ ಬಗ್ಗಿ ನೋಡಿದರೆ ಮುಚ್ಚಳದ ನೆತ್ತಿಯಲ್ಲಿ ಒಂದು ಗಾಳಿ ತಿರುಪು, ಬಿಗಿಯಾಗಿ ಮುಚ್ಚಿತ್ತು. ಪೆಟ್ರೋಲು ಹೊರಗೆ ಹೋಗಬೇಕಾದರೆ ಗಾಳಿ ಒಳಗೆ ಬರಬೇಕು. ಬರದೆ ಟ್ಯಾಂಕು ಉಸಿರುಗಟ್ಟಿ ಕೂತಿತ್ತು. ತಿರುಪು ಸಡಿಲಿಸಿ, ಪೆಟ್ರೋಲು ಕೊಳವೆಯ ರಬ್ಬರು ಉಂಡೆ ಹಿಚುಕಿ, ಹಗ್ಗ ಎಳೆದ. ಮೋಟಾರು ಹತ್ತಿಕೊಂಡಿತು, ಐದು ನಿಮಿಷವಾಯಿತು, ಹತ್ತಾಯಿತು, ನಿಲ್ಲಲಿಲ್ಲ.

"ನಾನು ಕಂಡ್ಹಿಡ್ದೆ ಸಾರ್! ನಾನೇ!" ಭೋಜರಾಜ ಎದೆ ತಟ್ಟಿಕೊಂಡ. ಇಷ್ಟು ವರ್ಷಗಳ ಬ್ಯಾಂಕಿನಲ್ಲಿ ಅವನು ಕಂಡುಹಿಡಿದದ್ದು ಬೇರೆಯವರ ತಪ್ಪುಗಳನ್ನು ಮಾತ್ರ.

"ಹಾಗಾದ್ರೆ ಗೇರ್ ಹಾಕಿ ನೋಡಿ, ಫ್ಯಾನ್ ತಿರುಗ್ತದಾ ಅಂತ."

ಇಲ್ಲಿ ಒಂದು ವಿಷಯ ಹೇಳಬೇಕು. ಇಂಥ ಮೋಟಾರನ್ನು ನೀರಿಲ್ಲದೆ ಓಡಿಸಿದರೆ ಸುಟ್ಟುಹೋಗುತ್ತದೆ. ಅದರ ಕಾಲು ನೀರಿನಲ್ಲಿರಬೇಕು. ಹಾಗಾಗಿ ಹಿತ್ತಿಲಿನ ದೊಡ್ಡ ನೀಲಿ ಡ್ರಮ್ಮಿನ ಅಂಚಿಗೆ ಹಲಗೆ ಬಿಗಿದು, ಮೋಟಾರನ್ನು ಅದರಲ್ಲಿ ಇಳಿಬಿಟ್ಟಿದ್ದರು. ಅದು ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆ. ಆಗ ಮದರಾಸಿನಲ್ಲಿ ಹೇರಳವಾಗಿದ್ದದ್ದು ಕಣ್ಣೀರು ಮತ್ತು ಬೆವರಿನ ನೀರು. ಕುಡಿಯುವ ನೀರು ಮೆಟ್ರೋ ನೀರು ಮಂಡಳಿಯ ಲಾರಿಯಲ್ಲಿ ಬರುತ್ತಿತ್ತು. ಬಂದಾಗ ಬೀದಿಯಲ್ಲಿ ಕೊಡಗಳ ಕುಸ್ತಿ. ಮುಂದಿನ ಲಾರಿ ಮಂಗಳವಾರ.

ಭೋಜರಾಜ ಗೇರ್ ಹಾಕಿದ.

ಡ್ರಮ್ಮಿನ ನೀರು ಕಂಬದಂತೆ ಎದ್ದು ನಿಂತಿತು. ಒಂದು ಕ್ಷಣ ಹಾಗೇ ನಿಂತು ಯೋಚಿಸಿದಂತೆ ಕಂಡು, ಆಮೇಲೆ ಎಲ್ಲ ಕಡೆಗೂ ಹೊರಟಿತು. ಗೋಡೆಯ ಮೇಲೆ ಒರಗಿದ್ದ ಮಧ್ವರಾಜರು ಗೋಡೆಯಾಚೆ ಮಾಯವಾದರು. ಹಗ್ಗದ ಮೇಲಿನ ಬಟ್ಟೆ ತೊಟ್ಟಿಕ್ಕಿತು. ಅಡುಗೆಮನೆಯ ಕಿಟಕಿಯಿಂದ ಒಳಹೋದ ಪಾಲು ಕಾವಲಿಯ ಮೇಲೆ ಬಿದ್ದು ಚುಂಯ್ ಎಂದಿತು. ಭೋಜರಾಜ ತಡಕಾಡಿ ಕೆಂಪು ದಾರ ಜಗ್ಗಿದ. ಸದ್ದು ನಿಂತಿತು.

ಮೇಲಿನ ಮಹಡಿಗಳ ಕಿಟಕಿಗಳು ಒಂದೊಂದಾಗಿ ತೆರೆದವು. ಯಾರೂ ಬೈಯಲಿಲ್ಲ. ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ನೋಡುತ್ತ ನಿಂತರು. ಯಾವುದೋ ಕಿಟಕಿಯಿಂದ ಮುದುಕಿಯೊಬ್ಬಳು ತಮಿಳಿನಲ್ಲಿ ದೇವರನ್ನೂ ನೀರನ್ನೂ ಒಟ್ಟಿಗೆ ನೆನೆದು ಮೆಲ್ಲಗೆ ಅಂದಳು: "ಐಯೋ ಕಡವುಳೇ... ತಣ್ಣಿ."

ಅನಸೂಯ ಸೌಟಿನೊಂದಿಗೆ ಹೊರಬಂದಳು. ಡ್ರಮ್ಮಿನೊಳಗೆ ಇಣುಕಿದಳು. ತಳದಲ್ಲಿ ಎರಡು ಚೊಂಬಿನಷ್ಟು ನೀರು, ಅದರ ಮೇಲೆ ಪೆಟ್ರೋಲಿನ ಕಾಮನಬಿಲ್ಲು. ಮೆಟ್ಟಿಲ ಮೇಲೆ ಕುಸಿದು ಕೂತಳು.

"ಲಾರಿ ನೀರಾ?"

"ಬೋರ್ ನೀರು ಉಪ್ಪಲ್ವೇನೇ. ಮೋಟಾರಿಗೆ ಉಪ್ಪು ಆಗಲ್ಲ ಅಂದ್ರು ಮಧ್ವರಾಜರು."

"ಸಮುದ್ರದ ಮೋಟಾರಿಗೆ?"

ಭೋಜರಾಜ ಗೋಡೆಯತ್ತ ತಿರುಗಿದ. ಮಧ್ವರಾಜರ ತಲೆ ಇನ್ನೂ ಮೇಲೆ ಬಂದಿರಲಿಲ್ಲ.

ಅನಸೂಯ ಸೌಟು ಕೆಳಗಿಟ್ಟು ಕೇಳಿದಳು, "ಓಡ್ತಾ?"

"ಓಡ್ತು."

"ನಾಳೆ ಫೇಲಾಗಿ ಬನ್ನಿ. ನಿಮ್ಮನ್ನೇ ಹಿಂಡಿ ಪಾತ್ರೆ ತೊಳೀತೀನಿ."

ಭಾನುವಾರ ಹಿನ್ನೀರು ಕನ್ನಡಿಯಂತಿತ್ತು. ದೋಣಿಮನೆಯ ಪರೀಕ್ಷಕ ಅಂದಾನಿ, ಗದಗ ಕಡೆಯವನು, ನೌಕಾಪಡೆಯಲ್ಲಿ ದುಡಿದು ಬಂದವನು. ಮೀಸೆ ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ. ಕನ್ನಡದವರೆಂದು ತಿಳಿದು ಅನಸೂಯಳಿಗೆ ಕುರ್ಚಿ ಹಾಕಿಸಿದ.

"ಆ ಕಂಬದ ತನಕ ಹೋಗಿ, ಮೂರು ಸುತ್ತು ಹೊಡದು, ಅಲ್ಲೇ ನಿಲ್ಲಸ್ರಿ ಸಾಹೇಬ್ರ."

ಭೋಜರಾಜ ತಿರುಪು ಸಡಿಲಿಸಿದ, ಉಂಡೆ ಹಿಚುಕಿದ, ಕೆಂಪು ದಾರವನ್ನು ಮಣಿಕಟ್ಟಿಗೆ ಸುತ್ತಿಕೊಂಡ. ಒಂದೇ ಎಳೆತ. ಎಂಟೂ ಕುದುರೆಗಳು ಎದ್ದವು. ದೋಣಿ ಮೂಗೆತ್ತಿ ಹೊರಟಿತು. ಕೂಗಳತೆಯ ದೂರದಲ್ಲಿದ್ದ ಕಂಬವನ್ನು ಮೂರು ಸುತ್ತು ಸುತ್ತಿ, ಅದರ ಪಕ್ಕಕ್ಕೆ ನಯವಾಗಿ ಒರಗಿ ನಿಂತಿತು. ಅನಸೂಯ ಎದ್ದು ನಿಂತಿದ್ದಳು. ಬ್ಯಾಂಕಿನಿಂದ ಬಾಡಿ ಬರುತ್ತಿದ್ದ ಮುಖವನ್ನಷ್ಟೇ ನೋಡಿದ್ದವಳಿಗೆ ಆ ದೂರದ ನಗು ಯಾರದೆಂದು ಗುರುತಿಸಲು ಕಷ್ಟವಾಯಿತು.

"ಭಾಳ ಚಲೋ!" ಅಂದಾನಿ ಕೈ ಬಾಯಿಗೊಡ್ಡಿ ಕೂಗಿದ. "ಈಗ ಮೋಟರ್ ಬಂದ್ ಮಾಡ್ರಿ. ನೀರಿಗೆ ಹಾರ್ರಿ. ಈಜ್ಕೊಂತ ದಂಡಿಗೆ ಬರ್ರಿ. ಮುಗೀತು ಪರೀಕ್ಷಾ!"

ಮೋಟಾರು ನಿಂತಿತು. ಭೋಜರಾಜ ಹಾರಲಿಲ್ಲ.

"ಕುದಿಂಗಪ್ಪಾ!" ಚಿನ್ಮಯಿ ಕುಣಿಯುತ್ತ ಕೂಗಿದಳು. ತಮಿಳಿನಲ್ಲಿ ಅದರರ್ಥ ಹಾರಿ ಎಂದು. ಅವಳಪ್ಪ ಕನ್ನಡದಲ್ಲೇ ಕುದಿಯುತ್ತಿದ್ದ. ಹಣೆಯಿಂದ ಬೆವರು ಇಳಿಯುವುದು ದಂಡೆಗೂ ಕಾಣುತ್ತಿತ್ತು.

"ನಂಗೆ ಈಜು ಬರಲ್ಲ!" ನೀರಿನ ಮೇಲೆ ಮಾತು ಸ್ಪಷ್ಟವಾಗಿ ತೇಲಿ ಬಂತು.

ಅಂದಾನಿಯ ಮೀಸೆ ಇಳಿಯಿತು. ಚಿನ್ಮಯಿಯ ಕುಣಿತ ನಿಂತಿತು. ಅನಸೂಯ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಮದುವೆಯಾದಂದಿನಿಂದ ಅವನಿಗೆ ಬರುವ, ಬಾರದ ಎಲ್ಲವೂ ತನಗೆ ಗೊತ್ತೆಂದು ತಿಳಿದಿದ್ದಳು.

"ಮತ್ತೆ ಯಾವ ಧೈರ್ಯದ ಮೇಲೆ ಬೋಟ್ ಓಡಿಸ್ತೀನಿ ಅಂದ್ರಿ?" ಅವಳ ಕೂಗು ಕೀರಲಾಯಿತು.

"ನಮ್ಮ ಪಾವಗಡದಲ್ಲಿ ನೀರೆಲ್ಲಿತ್ತೇ ಕಲಿಯೋಕೆ? ಈಜೋಕೆ ಬಾರದೋರಿಗೇ ಅಲ್ವೇನೇ ಬೋಟು ಇರೋದು!"

"ಮೋಟರ್ ತರೋರಿಗೆ ಈಜು ಬರತೈತೇನು ಅಂತ ನಾನೂ ಕೇಳಲಿಲ್ರೀ ತಂಗಿ" ಎಂದ ಅಂದಾನಿ, ತನ್ನದೇ ತಪ್ಪೆಂಬಂತೆ. "ಜನರನ್ನ ಕೂರಿಸಿಕೊಂಡು ಹೋಗಾವ ಈಜಾಕ ಬೇಕು. ಇದೊಂದು ಬಿಡಾಂಗಿಲ್ಲ."

"ಮನೇಲಿ ಒಬ್ರಿಗೆ ಬಂದ್ರೆ ಆಗಲ್ವಾ? ನಾನು ನರಸೀಪುರದೋಳು. ಹೊಳೆ ಈಜಿ ದಾಟಿ ಸ್ಕೂಲಿಗೆ ಹೋದೋಳು."

ಉತ್ತರಕ್ಕೆ ಅವಳು ಕಾಯಲಿಲ್ಲ. ಚಪ್ಪಲಿ ಬಿಟ್ಟು, ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿ ನೀರಿಗೆ ಇಳಿದೇಬಿಟ್ಟಳು. "ಅಮ್ಮಾ!" ಎಂದು ಚಿನ್ಮಯಿ ಚೀರುವಷ್ಟರಲ್ಲಿ ಸೊಂಟ ಮುಳುಗಿತು, ಭುಜ ಮುಳುಗಿತು. ಆಮೇಲೆ ಎರಡು ಕೈಗಳು ನೀರನ್ನು ಸೀಳಿಕೊಂಡು ಹೊರಟವು.

"ಅರ್ಜಿ ಸಾಹೇಬ್ರ ಹೆಸರಿಲೇ ಐತವಾ..." ಅಂದಾನಿ ಮೆಲ್ಲಗೆ ಚಿನ್ಮಯಿಗೆ ಹೇಳಿದ. "ಈಜಬೇಕಾದವರು ಅವರ. ನಿಮ್ಮವ್ವ ಸಿಲೋನ್ ತನಕ ಈಜಿದ್ರೂ ನನ್ನ ಕೈಯಾಗ ಏನಿಲ್ಲ."

ಚಿನ್ಮಯಿ ಅಮ್ಮನನ್ನು ಕೂಗಲು ಬಾಯಿ ತೆರೆದು, ಕೂಗದೆ ನಿಂತಳು.

ಕಂಬದ ಬಳಿ ಭೋಜರಾಜ ದೋಣಿಯಿಂದ ಬಗ್ಗಿ ಕೈ ಚಾಚಿದ. ಅನಸೂಯ ಅಂಚು ಹಿಡಿದುಕೊಂಡಳು; ಮೇಲೆ ಹತ್ತಲಿಲ್ಲ. ಹೆರಳು ಬಿಚ್ಚಿಹೋಗಿತ್ತು, ಸೀರೆ ಸುತ್ತಲೂ ಉಬ್ಬಿ ಹರಡಿತ್ತು. ಕೊಡದಲ್ಲಿ ಅಳೆಯಬೇಕಿಲ್ಲದ, ಕತ್ತಿನವರೆಗಿನ ನೀರಿನಲ್ಲಿ ಅವಳು ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ, ಕಿವಿಗಳನ್ನೂ ಮುಳುಗಿಸಿಕೊಂಡು ಸುಮ್ಮನೆ ತೇಲುತ್ತಿದ್ದಳು.