ಎಡಗೆನ್ನೆಯ ಮಚ್ಚೆ

ಯಾರಿಗೂ ಹೇಳದ ಒಂದು ಸಣ್ಣ ಅಳುಕು ನನ್ನದು: ಈ ಎರಡು ವರ್ಷಗಳಲ್ಲಿ ಅಪ್ಪ ನನ್ನ ಮುಖವನ್ನು ಒಮ್ಮೆಯೂ ನೇರವಾಗಿ ಫೋಟೊ ತೆಗೆದಿಲ್ಲ. ಇದನ್ನು ಡೈರಿಯಲ್ಲಿ ಬರೆದು, ನಾಚಿಕೆಯಾಗಿ ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ.

ಡಿಗ್ರಿ ಮುಗಿಸಿದ ಮೇಲೆ, ಜಾಹೀರಾತಿಗೆ ಫೋಟೊ ತೆಗೆಯುವ ಅಪ್ಪನ ಸ್ಟುಡಿಯೋದಲ್ಲಿ ಕನ್ನಡಿಗಳ ಕೆಲಸ ನನ್ನದು. ಅಂಗೈಯಗಲದ ಚೂರುಗಳನ್ನು ಮೇಣದುಂಡೆಗೆ ಸಿಕ್ಕಿಸಿ ಸೆಂಟಿನ ಸೀಸೆಯ ಬೆನ್ನಿಗೆ ಬೆಳಕು ತಿರುಗಿಸುವುದು, ಗಡಿಯಾರದ ಮುಳ್ಳಿಗೆ ಹೊಳಪು ಕೊಡುವುದು. ಲೈಟು ಪರೀಕ್ಷಿಸಲು ಕೂರುವವಳೂ ನಾನೇ. ಮೊದಲು ಅಕ್ಕ ಕೂರುತ್ತಿದ್ದಳು. ಅವಳು ಜ್ವರದಲ್ಲಿ ತೀರಿಕೊಂಡು ಎರಡು ವರ್ಷ. ನಮ್ಮಿಬ್ಬರದೂ ಒಂದೇ ಅಚ್ಚು. ಮಚ್ಚೆ ಮಾತ್ರ ಅವಳಿಗೆ ಎಡಗೆನ್ನೆಯಲ್ಲಿ, ನನಗೆ ಬಲಗೆನ್ನೆಯಲ್ಲಿ. ದೂರದಿಂದ ಕರೆಯುವಾಗ ಅಮ್ಮ ಈಗಲೂ ಹೆಸರಿಗೆ ತಡವರಿಸುತ್ತಾಳೆ.

ಇವತ್ತು ಓಲೆಯಂಗಡಿಯವರ ಕೆಲಸವಿತ್ತು. ಅವರಿಗೆ ಬೇಕಿದ್ದ ಚಿತ್ರ: ಕನ್ನಡಿಯೆದುರು ಕೂತ ಹುಡುಗಿ, ಅವಳ ಭುಜದ ಹಿಂದೆ ಕ್ಯಾಮೆರಾ. ಕಿವಿಯ ಓಲೆ ನಿಚ್ಚಳವಾಗಿರಬೇಕು, ಕನ್ನಡಿಯೊಳಗಿನ ಮುಖ ಮಸುಕಾಗಿ ಹಿಂದೆ ಸರಿಯಬೇಕು. ಬರಬೇಕಿದ್ದ ಮಾಡೆಲ್ ಬರಲಿಲ್ಲ. ನೀನೇ ಕೂತ್ಕೋ ಅಂದರು ಅಪ್ಪ, ನನ್ನತ್ತ ನೋಡದೆಯೇ.

ಕೂತೆ. ಚಿಕ್ಕ ಕನ್ನಡಿಯಿಂದ ನನ್ನ ಕಣ್ಣಿಗೆ ಬೆಳಕು ಬಿಟ್ಟರು. ಗಲ್ಲ ಎತ್ತು, ಇನ್ನೊಂಚೂರು ಎಂದರು. ಅಷ್ಟು ಮೆತ್ತಗಿನ ದನಿ ನನಗೆ ಮನೆಯಲ್ಲಿ ಸಿಗುವುದಿಲ್ಲ.

ತೆಗೆದದ್ದನ್ನು ನೋಡಲು ಅಂಗಡಿಯವರು ಕಂಪ್ಯೂಟರಿನತ್ತ ಬಗ್ಗಿದರು. "ಓಲೆ ಎಲ್ಲಿ ಸ್ವಾಮಿ? ನಾನು ಓಲೆ ಮಾರೋನು, ಮಂಜು ಮಾರೋನಲ್ಲ."

ನಿಜವೇ. ಕನ್ನಡಿಯೊಳಗಿನ ರೆಪ್ಪೆಗಳನ್ನು ಎಣಿಸಬಹುದಿತ್ತು; ಈಚೆಗಿನ ಕಿವಿ, ಓಲೆ, ನಾನು, ಎಲ್ಲ ಕಲಸಿಹೋಗಿತ್ತು. ಬಿಂಬ ಗಾಜಿನ ಮೇಲಿರುವುದಿಲ್ಲ, ನಾವು ಈಚೆ ಎಷ್ಟು ದೂರವೋ ಗಾಜಿನಾಚೆ ಅಷ್ಟೇ ದೂರದಲ್ಲಿರುತ್ತದೆ, ಫೋಕಸ್ ಅಲ್ಲಿಗೆ ಹೋದರೆ ಎದುರಿಗಿರುವುದು ಹೋಯಿತು ಎಂದು ನನಗೆ ಕಲಿಸಿದವರೇ ಅಪ್ಪ. ಮೂವತ್ತು ವರ್ಷ ಪಳಗಿದ ಕೈ. ವಯಸ್ಸಾಯ್ತು, ಕಣ್ಣು ಹೋಗ್ತಾ ಇದೆ ಎಂದು ನಕ್ಕು ಮತ್ತೆ ತೆಗೆದರು. ಮತ್ತೆ ಹಾಗೇ. ಮೂರನೆಯದೂ ಅಷ್ಟೇ. ಅಂಗಡಿಯವರು ಚಹಾ ಕುಡಿದು ಬರುತ್ತೇನೆಂದು ಎದ್ದುಹೋದರು.

ಆಗ ನಾನು ಪರದೆಯನ್ನು ಹತ್ತಿರದಿಂದ ನೋಡಿದೆ. ಕನ್ನಡಿಯಲ್ಲಿ ಮಚ್ಚೆ ಎಡಗೆನ್ನೆಗೆ ಬಂದಿತ್ತು. ಅಕ್ಕ ಕೂತಿದ್ದಳು.

ಪ್ರತಿ ಸಲ ಲೈಟು ಪರೀಕ್ಷಿಸುವಾಗಲೂ ನನ್ನನ್ನು ಕನ್ನಡಿಯ ಮುಂದೆಯೇ ಯಾಕೆ ಕೂರಿಸುತ್ತಿದ್ದರೆಂದು ಈಗ ತಿಳಿಯಿತು. ಸಿಟ್ಟು ಬರಲಿಲ್ಲ. ನನಗೂ ಅವಳನ್ನು ನೋಡಬೇಕಿತ್ತು. ಬಹಳ ಹೊತ್ತು ನೋಡಿದೆ.

ಅಪ್ಪ ನಾಲ್ಕನೆಯ ಸಲ ಕ್ಯಾಮೆರಾಕ್ಕೆ ಕಣ್ಣಿಟ್ಟರು. ನಾನು ಸುಮ್ಮನೆ ನಕ್ಕರೆ ಅವಳು ನಗುತ್ತಿದ್ದಳು, ಅಪ್ಪನಿಗೆ ಅಷ್ಟು ಸಾಕಿತ್ತು. ನಗಲು ನೋಡಿದೆ, ಆಗಲಿಲ್ಲ. ಕುರ್ಚಿಯನ್ನು ಅವರತ್ತ ತಿರುಗಿಸಿದೆ. ಲೆನ್ಸಿನ ಮೇಲಿದ್ದ ಕೈ ಹಾಗೇ ನಿಂತಿತು.

"ಅಪ್ಪಾ," ಅಂದೆ, "ನಾನು ಈ ಕಡೆ ಇದ್ದೀನಿ."