ಊರಿಗೆಲ್ಲ ಅಳತೆ, ಮಗಳಿಗೆ ಅಂದಾಜು

ಬ್ಯಾಂಕಿನ ಸಾಹೇಬರು ಕೋಟಿನ ಅಳತೆ ಕೊಡಲು ತೋಳು ಚಾಚಿ ನಿಂತಿದ್ದರು. ಟೈಲರಮ್ಮ ಟೇಪು ಹಿಡಿದು ಅವರ ಭುಜ ಅಳೆಯುತ್ತಿದ್ದಳು. ಅಷ್ಟರಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಕೆಳಗಿನಿಂದ ಅವಳ ಎರಡು ವರ್ಷದ ಮಗಳು ಮಿಂಚು ಓಡಿ ಬಂದಳು. ಮೈಮೇಲೆ ಒಂದು ಎಳೆ ನೂಲೂ ಇಲ್ಲ. ಕೈಯಲ್ಲಿ ಬಿಚ್ಚಿದ ಡೈಪರ್. ಅದನ್ನು ಬಹಳ ಮರ್ಯಾದೆಯಿಂದ ಸಾಹೇಬರ ಬೂಟಿನ ಮೇಲೆ ಇಟ್ಟಳು.

"ಪರವಾಗಿಲ್ಲ ಬಿಡಿ, ಮಗು ಅಲ್ವಾ," ಎಂದರು ಸಾಹೇಬರು. ಆಮೇಲೆ ಅವರು ಆ ಬೀದಿಯ ಕಡೆ ತಲೆ ಹಾಕಲಿಲ್ಲ.

ನಿಮಗೆ ನಗು ಬಂತೇನೋ. ಟೈಲರಮ್ಮನಿಗೆ ಬರಲಿಲ್ಲ. ಮುಂದಿನ ತಿಂಗಳಿನಿಂದ ಅವಳಿಗೆ ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಗಂಡ ಲಾರಿ ಓಡಿಸುವವನು, ಮನೆಯಲ್ಲಿರುವುದೇ ಅಪರೂಪ. ಅತ್ತೆಗೆ ಮಂಡಿನೋವು, ದಿನವಿಡೀ ಮಿಂಚುವಿನ ಹಿಂದೆ ಓಡಲಾಗದು. ಮಗುವನ್ನು ಶಿಶುವಿಹಾರಕ್ಕೆ ಬಿಟ್ಟರೆ ಮಾತ್ರ ಕೆಲಸ. ಆದರೆ ಹೇಗಿರುತ್ತಾಳೋ ನೋಡೋಣವೆಂದು ಒಂದು ದಿನ ಬಿಟ್ಟಾಗಲೇ ಶಿಶುವಿಹಾರದ ಮೇಡಂ ಕೈ ಮುಗಿದಿದ್ದರು.

"ಬಟ್ಟೆ ಬಿಚ್ಚಿ ಬಿಸಾಕ್ತಾಳೆ, ಹಾಸಿಗೆ ಮೇಲೆಲ್ಲ ಗಲೀಜು ಮಾಡ್ತಾಳೆ. ಉಳಿದ ಮಕ್ಕಳಿಗೆ ಕಾಯಿಲೆ ಅಂಟಿದ್ರೆ ಯಾರು ಹೊಣೆ? ಈ ಅಭ್ಯಾಸ ಬಿಡಿಸಿ ಕರ್ಕೊಂಡು ಬನ್ನಿ. ಇಲ್ಲಾಂದ್ರೆ ನನ್ನ ಕೈಲಿ ಆಗಲ್ಲ."

ಟೈಲರಮ್ಮ ತನಗೆ ಗೊತ್ತಿದ್ದ ವಿದ್ಯೆಯನ್ನೇ ನಂಬಿದಳು. ಅಂಗಿಯೂ ಚಡ್ಡಿಯೂ ಕೂಡಿಕೊಂಡೇ ಇರುವ ಉಡುಪೊಂದನ್ನು ದಪ್ಪ ಬಟ್ಟೆಯಲ್ಲಿ ಹೊಲಿದಳು. ಗುಂಡಿಗಳೆಲ್ಲ ಬೆನ್ನಿಗೆ. ಸೊಂಟಕ್ಕೊಂದು ಎಲಾಸ್ಟಿಕ್, ತೊಡೆಗೊಂದು ಎಲಾಸ್ಟಿಕ್. ಸಾಲದೆಂದು ಅತ್ತೆ ಕುತ್ತಿಗೆಯ ಹಿಂದೆ ಒಂದು ಪಿನ್ನನ್ನೂ ಚುಚ್ಚಿದರು.

"ಈಗ ಬಿಚ್ಚಲಿ ನೋಡೋಣ," ಎಂದರು ಅತ್ತೆ. ಅವರ ಲೆಕ್ಕದಲ್ಲಿ ಇದೆಲ್ಲ ಬರೀ ಹಠ. "ಎರಡು ಬಾರಿಸಿದ್ರೆ ಇಷ್ಟೆಲ್ಲ ಹೊಲಿಯೋ ಕೆಲಸಾನೇ ಇರಲಿಲ್ಲ."

ಮಿಂಚು ಬಿಚ್ಚಲಿಲ್ಲ, ನಿಜ. ಊಟವನ್ನೂ ಮಾಡಲಿಲ್ಲ. ತೊಡೆಯ ಬಳಿ ಎಳೆಯುತ್ತ, ಬೆನ್ನನ್ನು ಗೋಡೆಗೆ ಉಜ್ಜುತ್ತ ಒಂದೇ ಸಮನೆ ಅತ್ತಳು. ಆ ಹೊತ್ತಿಗೆ ಸರಿಯಾಗಿ ಆರೋಗ್ಯ ಕೇಂದ್ರದ ನರ್ಸಮ್ಮ ತಾನು ಹೊಲಿಯಲು ಕೊಟ್ಟಿದ್ದ ಬಿಳಿ ಕೋಟು ತೆಗೆದುಕೊಳ್ಳಲು ಬಂದಳು. ಕನ್ನಡಿಯ ಮುಂದೆ ಕೋಟು ತೊಟ್ಟು ತೋಳನ್ನು ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು.

"ಕಂಕುಳಲ್ಲಿ ಹಿಡೀತಿದೆಯಾ ಸಿಸ್ಟರ್?" ಎಂದಳು ಟೈಲರಮ್ಮ.

"ಹಿಡಿಯೋದಾ? ಉಸಿರೇ ಕಟ್ತಿದೆ! ಬಿಚ್ಚಿಬಿಡ್ತೀನಮ್ಮ, ಸಡಿಲ ಮಾಡಿಕೊಡು."

ಕೋಟು ಬಿಚ್ಚುತ್ತಿದ್ದ ನರ್ಸಮ್ಮನ ಕಣ್ಣು ಮಿಂಚುವಿನ ಮೇಲೆ ಬಿತ್ತು. ಅಳುತ್ತಿದ್ದ ಮಗು ತೊಡೆಯ ಎಲಾಸ್ಟಿಕ್ ಹಿಡಿದು ಎಳೆಯುತ್ತಿತ್ತು. ನರ್ಸಮ್ಮ ಕೋಟನ್ನು ಕುರ್ಚಿಯ ಮೇಲಿಟ್ಟು ನೆಲದ ಮೇಲೆ ಕುಳಿತಳು.

"ನಂಗೆ ಬಿಗಿಯಾದ್ರೆ ಬಾಯಿಬಿಟ್ಟು ಹೇಳ್ತೀನಿ. ಇವಳಿಗಾದ್ರೆ ಹೇಗೆ ಹೇಳ್ಬೇಕು?"

"ಅವಳಿಗೆ ಬಿಗೀನೂ ಇಲ್ಲ, ಏನೂ ಇಲ್ಲ. ಕೊಬ್ಬು ಅಷ್ಟೇ," ಎಂದರು ಅತ್ತೆ.

"ಇರಬಹುದು ಅಜ್ಜಿ, ನಂಗೂ ಗೊತ್ತಿಲ್ಲ. ಬಿಚ್ಚಿ ನೋಡೋಣ ಬನ್ನಿ." ನರ್ಸಮ್ಮನ ಕೈ ಕುತ್ತಿಗೆಯ ಹಿಂದಿನ ಪಿನ್ನಿಗೆ ತಗುಲಿತು. ಅವಳ ಮುಖ ಗಂಭೀರವಾಯಿತು. "ಇದನ್ನ ಮಾತ್ರ ಯಾವತ್ತೂ ಹಾಕ್ಬೇಡಿ. ಬಿಚ್ಚಿಕೊಂಡ್ರೆ ಕುತ್ತಿಗೆಗೆ ಚುಚ್ಚುತ್ತೆ. ಬಾಯಿಗೆ ಹೋದ್ರೆ ಜೀವಕ್ಕೇ ಅಪಾಯ."

ಅತ್ತೆ ಪಿನ್ನನ್ನು ಡಬ್ಬಿಗೆ ಹಾಕಿದರು.

ಉಡುಪು ಕಳಚಿತು. ಡೈಪರ್ ಕಳಚಿತು. ಸೊಂಟದ ಸುತ್ತ ಕೆಂಪು ಗೆರೆ, ಎರಡು ತೊಡೆಗಳ ಸಂದಿನಲ್ಲಿ ಕೆಂಪು ಗುಳ್ಳೆ. ಟೈಲರಮ್ಮನ ಕಣ್ಣಲ್ಲಿ ನೀರು ತುಂಬಿತು. ನರ್ಸಮ್ಮ ಬೈಯಲಿಲ್ಲ, ಒಂದು ಪ್ರಶ್ನೆ ಕೇಳಿದಳು.

"ಇವಳ ಅಳತೆ ಯಾವಾಗ ತಗೊಂಡಿದ್ದು?"

ಬೀದಿಯಲ್ಲಿ ಎಲ್ಲರ ಸೊಂಟದ ಸುತ್ತಳತೆ ಟೈಲರಮ್ಮನ ನಾಲಿಗೆ ತುದಿಯಲ್ಲಿತ್ತು. ಸ್ವಂತ ಮಗಳಿಗೆ ಮಾತ್ರ ಮೊದಲ ಹಲ್ಲು ಮೂಡಿದಾಗಿನ ಅಳತೆಗೆ ಅಂದಾಜಿನಲ್ಲಿ ಸ್ವಲ್ಪ ಸೇರಿಸಿ ಹೊಲಿಯುತ್ತ ಬಂದಿದ್ದಳು. ಡೈಪರ್‌ಗಳೂ ಅಷ್ಟೇ. ರಿಯಾಯಿತಿಯಲ್ಲಿ ಸಿಕ್ಕಿತೆಂದು ಗಂಡ ಮೂಟೆಗಟ್ಟಲೆ ತಂದಿಟ್ಟಿದ್ದ ಹಳೆಯ ಸೈಜು. ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನು ತೆಗೆದು ಅವಳು ಮಗಳ ಸೊಂಟಕ್ಕೆ ಸುತ್ತಿದಳು. ಓದಿದ ಅಳತೆಯನ್ನು ನಂಬಲಾಗದೆ ಮತ್ತೊಮ್ಮೆ ಸುತ್ತಿದಳು.

"ಇಷ್ಟು ದೊಡ್ಡೋಳಾಗಿದಾಳಾ!"

ನರ್ಸಮ್ಮ ಹೇಳಿದಳು: "ಬರೀ ನೀರಲ್ಲಿ ಮೆತ್ತಗೆ ತೊಳೆದು, ಉಜ್ಜದೆ ಮೆಲ್ಲಗೆ ಒತ್ತಿ ಒರೆಸಿ. ಚೆನ್ನಾಗಿ ಆರಲಿ. ದಿನಾ ಸ್ವಲ್ಪ ಹೊತ್ತು ಏನೂ ಹಾಕದೆ ಬಿಡಿ, ಗಾಳಿಯಾಡಲಿ. ಪೌಡರ್ ಬೇಡ. ಎರಡು ಮೂರು ದಿನದಲ್ಲಿ ಕೆಂಪು ಇಳೀದಿದ್ರೆ, ಕೀವಾದ್ರೆ, ಜ್ವರ ಬಂದ್ರೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ."

"ಆಮೇಲೆ ಬಿಚ್ಚೋದು ನಿಂತುಹೋಗುತ್ತಾ?" ಎಂದರು ಅತ್ತೆ.

"ಅದೇ ಕುತೂಹಲ ನಂಗೂ. ನಿಲ್ಲಿಸೋ ಮುಂಚೆ, ಯಾವಾಗ ಬಿಚ್ತಾಳೆ ಅಂತ ನೋಡಿ ಅಜ್ಜಿ. ನಿಮ್ಮಷ್ಟು ಹೊತ್ತು ಅವಳ ಜೊತೆ ಇರೋರು ಯಾರಿದಾರೆ? ಬೈಬೇಡಿ, ನಗಲೂಬೇಡಿ. ಎರಡೂ ಅವಳಿಗೆ ಆಟವೇ."

ಅತ್ತೆಗೆ ಈ ಪತ್ತೇದಾರಿ ಹಿಡಿಸಿತು. ಕುರ್ಚಿಯಲ್ಲಿ ಕೂತು ಕಾಲು ನೀವಿಕೊಳ್ಳುತ್ತ ಮೊಮ್ಮಗಳ ಮೇಲೆ ಕಣ್ಣಿಟ್ಟರು. ಹೊಸ ಸೈಜಿನ ಡೈಪರ್ ಬಂತು, ಟೈಲರಮ್ಮ ಹತ್ತಿಬಟ್ಟೆಯಲ್ಲಿ ಸಡಿಲವಾದ ಉಡುಪು ಹೊಲಿದಳು, ಬೆನ್ನಿಗೆ ಎರಡೇ ಗುಂಡಿ. ಬಿಚ್ಚುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಕೂಗಿದರು.

"ಬಾರೇ ಇಲ್ಲಿ! ಸುಮ್ಮನೆ ಬಿಚ್ಚಲ್ಲ ಕಣೇ ಇವಳು. ಒದ್ದೆಯಾದ್ರೆ ಬಿಚ್ತಾಳೆ. ಕಕ್ಕ ಬರೋ ಮುಂಚೆ ಪರದೆ ಹಿಂದೆ ಹೋಗಿ ನಿಲ್ತಾಳೆ. ಮಾತು ಬರಲ್ಲ, ಬುದ್ಧಿ ಬಂದಿದೆ!"

ಹಠ ಎಂದವರೂ ಅವರೇ, ಈಗ ಹೆಮ್ಮೆಯಿಂದ ಬೀದಿಗೆಲ್ಲ ಸಾರಿದವರೂ ಅವರೇ. ಪರದೆಯ ಹಿಂದೆ ಮಗು ಕಕ್ಕಕ್ಕೆ ಕೂರುವ ಪಾಟಿ ಬಂತು. ಒದ್ದೆಯಾದ ಡೈಪರ್ ಕೂಡಲೇ ಬದಲಾಯಿತು. ಮಿಂಚು ಪರದೆಯ ಕಡೆ ನಡೆದರೆ ಅತ್ತೆ ಮಂಡಿನೋವು ಮರೆತು ಎದ್ದು ಅವಳನ್ನು ಪಾಟಿಯ ಮೇಲೆ ಕೂರಿಸುತ್ತಿದ್ದರು. ಇನ್ನು ಗುಂಡಿ ಬಿಚ್ಚುವ ಹುಚ್ಚು ಉಳಿಯಿತಲ್ಲ, ಅದಕ್ಕೆ ಟೈಲರಮ್ಮ ಚೂರುಬಟ್ಟೆಯಲ್ಲಿ ಒಂದು ದಿಂಬು ಹೊಲಿದು, ದೊಡ್ಡ ಗುಂಡಿಗಳನ್ನು ಕಿತ್ತುಬರದಂತೆ ಬಿಗಿಯಾಗಿ ಕೂರಿಸಿ, ಜೊತೆಗೊಂದು ಜಿಪ್ಪು ಹಚ್ಚಿಕೊಟ್ಟಳು.

ಶಿಶುವಿಹಾರದ ಮೊದಲ ದಿನ ಕಾರ್ಖಾನೆಯಲ್ಲಿ ಟೈಲರಮ್ಮನ ಕಾಲು ಮಿಷನ್ ಮೇಲಿತ್ತು, ಮನಸ್ಸು ಮಗಳ ಮೇಲಿತ್ತು. ಸಂಜೆ ಗೇಟಿನ ಬಳಿ ಮೇಡಂ ಮುಖ ಬಿಗಿದುಕೊಂಡು ನಿಂತಿದ್ದರು. ಟೈಲರಮ್ಮ ಸರಸರನೆ ಅವರ ಬಳಿ ಬಂದಳು.

"ಬಿಚ್ಚಿದ್ಲಾ ಮೇಡಂ?"

"ಬಿಚ್ಚಿದ್ಲು. ತನ್ನದಲ್ಲ, ಪಕ್ಕದ ಹುಡುಗನ ಅಂಗಿ ಗುಂಡಿಗಳನ್ನೆಲ್ಲ!" ಮೇಡಂ ತಡೆಯಲಾರದೆ ನಕ್ಕರು. "ಪಾಟಿಗೆ ಹೋಗ್ಬೇಕಾದ್ರೆ ನನ್ನ ಸೆರಗು ಹಿಡಿದು ಎಳೆದ್ಲು ರೀ. ಬೆಳಿಗ್ಗೆ ಹೇಳಿದ್ರಲ್ಲ, ಆ ಗುಂಡಿ ದಿಂಬು, ನಾಳೆ ಕಳಿಸಿಕೊಡಿ."

ಟೈಲರಮ್ಮ ಮಗಳನ್ನು ಎತ್ತಿಕೊಂಡಳು. ಬೆನ್ನಿನ ಎರಡು ಗುಂಡಿಗಳೂ ಹಾಕಿದ ಹಾಗೇ ಇದ್ದವು.

ನಿಮ್ಮ ಮನೆಯ ಕೂಸೂ ಬಟ್ಟೆ ಬಿಚ್ಚಿ ಎಸೆಯುತ್ತಿದೆಯೇ? ಕೈ ಎತ್ತಬೇಡಿ, ಪಿನ್ನು ಚುಚ್ಚಬೇಡಿ, ಕಟ್ಟಿಹಾಕಬೇಡಿ. ಯಾವಾಗ ಬಿಚ್ಚುತ್ತದೆ ಎಂದು ಸ್ವಲ್ಪ ದಿನ ಗಮನವಿಟ್ಟು ನೋಡಿ. ಎಲ್ಲಕ್ಕಿಂತ ಮೊದಲು, ಇವತ್ತೇ, ಅದರ ಸೊಂಟದ ಪಟ್ಟಿಯೊಳಗೆ ನಿಮ್ಮ ಎರಡು ಬೆರಳು ತೂರಿಸಿ ನೋಡಿ. ಬೆರಳು ಹೋಗಲಿಲ್ಲವೇ? ಹಾಗಾದರೆ ಅದು ಹಠ ಮಾಡುತ್ತಿಲ್ಲ, ನಿಮಗೆ ಏನೋ ಹೇಳುತ್ತಿದೆ.