ಕುಂಟುವ ಹೆಜ್ಜೆ

ಬೆಳಕು ಹರಿಯುವ ಮೊದಲೇ ಫ್ರೇಜಾ ಗಂಡ ಹುಮೈದನ ಹಿಂದೆ ಹೊರಟಿದ್ದಳು. ಹಿಂದೆಯೇ ನಡೆಯುವುದಕ್ಕೆ ಅವಳಿಗೊಂದು ಕಾರಣವಿತ್ತು. ಸಿನಾಯಿಯ ಆ ಬೆಟ್ಟಗಳಲ್ಲಿ ಆಡು ಮೇಯಿಸಿಕೊಂಡು ಬೆಳೆದವರಿಗೆ ಮರಳ ಮೇಲಿನ ಹೆಜ್ಜೆಯೆಂದರೆ ಮನುಷ್ಯನ ಮುಖವಿದ್ದ ಹಾಗೆ; ಬಾಯಿ ಮುಚ್ಚಿಟ್ಟಿದ್ದನ್ನೆಲ್ಲ ಅದು ಒಪ್ಪಿಸಿಬಿಡುತ್ತದೆ. ಹುಮೈದನನ್ನು ಕೇಳಿದರೆ ಮೊಣಕಾಲು ಚೆನ್ನಾಗಿದೆ ಎನ್ನುತ್ತಾನೆ. ಕೇಳಬೇಕಾದದ್ದು ಅವನ ಹೆಜ್ಜೆಯನ್ನು.

ಮೇಲಿನ ಕಣಿವೆಯಲ್ಲಿ ಅವರದೊಂದು ಬಾದಾಮಿ ತೋಟವಿತ್ತು, ಹುಮೈದನ ಅಜ್ಜ ಸುತ್ತ ಕಲ್ಲು ಪೇರಿಸಿ ಮಾಡಿದ್ದು. ಕತ್ತೆಯೂ ಏರಲಾರದ ದಾರಿ. ಹತ್ತಿ, ಕಾಯಿ ಬಡಿದು, ಮೂಟೆ ಹೊತ್ತು, ಕತ್ತಲಾಗುವುದರೊಳಗೆ ಇಳಿಯುವುದೆಂದರೆ ಪ್ರಾಯದವರಿಗೂ ಮೈ ಹಿಂಡಿಹಾಕುವ ಕೆಲಸ. ಈ ಸಲ ಗಂಡನ ಕಾಲು ಸೋತದ್ದು ಕಂಡರೆ ತೋಟವನ್ನು ಮೈದುನನ ಮಗನಿಗೆ ಬಿಟ್ಟುಕೊಡಿಸುವುದೆಂದು ಅವಳು ಸೊಸೆಯೊಡನೆ ಮಾತಾಡಿಕೊಂಡಿದ್ದಳು. ಅವನಿಗೆ ಹೇಳಿರಲಿಲ್ಲ. ಹೇಳುವ ಮೊದಲು ಕಣ್ಣಾರೆ ಕಾಣಬೇಕಾಗಿತ್ತು.

ಕಂಡದ್ದು ಮೊದಲನೆಯ ತಿರುವು ದಾಟಿದ ಮೇಲೆ. ಅವನ ಬಲಗಾಲಿನ ಹಿಮ್ಮಡಿ ಮರಳಿಗೆ ತಾಗಿಯೂ ತಾಗದಂತಿತ್ತು.

"ಮುಸಲ್ಲಮನ ಅಪ್ಪಾ, ಕಾಲು ಏನಂತೆ?" ಎಂದು ಮಗನ ಹೆಸರು ಹಿಡಿದು ಗಂಡನನ್ನು ಕೇಳಿದಳು.

"ಮುದುಕಿ ಹಿಂದೆ ಬೀಳ್ತಿದಾಳೆ, ಒಂದ್ ಗಳಿಗೆ ಕೂತ್ಕೋ ಅಂತಿದೆ," ಎಂದು ಅವನು ಕೂತೇಬಿಟ್ಟ. ನೀರಿನ ಚರ್ಮದ ಚೀಲವನ್ನು ಮೊದಲು ಅವಳ ಕೈಗಿತ್ತ.

ಬಿಸಿಲೇರಿತು. ಬಂಡೆಯ ಕಾವು ಚಪ್ಪಲಿಯೊಳಗಿಂದ ಅಂಗಾಲಿಗೆ ಹತ್ತಿತು. ಬೆವರು ಹರಿಯುವ ಮೊದಲೇ ಆರಿ ಹುಬ್ಬಿನ ಮೇಲೆ ಉಪ್ಪಾಗಿ ಕೂತಿತು. ತುಟಿ ಬಿರಿದು ನಾಲಿಗೆಗೆ ರಕ್ತದ ರುಚಿ ಬಂತು. ಎದೆ ಕಿವಿಯೊಳಗೇ ಬಡಿಯುತ್ತಿತ್ತು. ಹುಮೈದ ಈಗ ತಿರುವಿಗೊಮ್ಮೆ ನಿಲ್ಲುತ್ತಿದ್ದ. ಒಮ್ಮೆ ಚಪ್ಪಲಿಯ ಬಾರು ಬಿಗಿದ, ಒಮ್ಮೆ ಎದುರಿನ ಬಂಡೆಯ ಮೇಲೆ ಕಾಡುಮೇಕೆ ಇದೆಯೆಂದ. ಅಲ್ಲಿ ಏನೂ ಇರಲಿಲ್ಲ. ಪಾಪ, ನೋವಿಗೆ ನೆಪ ಹುಡುಕುತ್ತಿದ್ದಾನೆ ಎಂದುಕೊಂಡು ಅವಳೂ ಕೂರುತ್ತಿದ್ದಳು.

ತೋಟದಲ್ಲಿ ಅವನು ಕೋಲಿನಿಂದ ಬಡಿದ, ಅವಳು ಆಯ್ದಳು. ಬೂದಿಯಲ್ಲಿ ಸುಟ್ಟ ರೊಟ್ಟಿ ತಿಂದು ಚಹಾ ಕುಡಿದರು. ಹೇಳುವುದಿದ್ದರೆ ಈಗಲೇ ಎಂದು ಬಾಯಿ ತೆರೆದಳು. ಅವನು ಅಜ್ಜನ ಕಾಲದ ಮರದ ಬೊಡ್ಡೆಯನ್ನು ಗಬ್ಬದ ಆಡಿನ ಬೆನ್ನು ಸವರುವಂತೆ ಸವರುತ್ತಿದ್ದ. ಅವಳು ಎದ್ದು ಮೂಟೆಯ ಬಾಯಿ ಕಟ್ಟಿದಳು.

ಹತ್ತುವುದು ಉಸಿರನ್ನು ತಿಂದರೆ ಇಳಿಯುವುದು ಮೊಣಕಾಲನ್ನು ತಿನ್ನುತ್ತದೆ. ಅವಳ ತೊಡೆಗಳು ಆಗತಾನೇ ಹುಟ್ಟಿದ ಮರಿಯ ಕಾಲಿನಂತೆ ನಡುಗುತ್ತಿದ್ದವು, ಕಾಲ್ಬೆರಳ ಉಗುರುಗಳೆಲ್ಲ ಕಿತ್ತುಬರುವಂತಿದ್ದವು. ಆದರೂ ಕಣ್ಣು ಮುಂದಿದ್ದ ಗಂಡನ ಹೆಜ್ಜೆಯ ಮೇಲೇ. ಬಂಡೆ ಮುಗಿದು ಮರಳು ಸಿಕ್ಕಿದಲ್ಲಿ ಅವಳು ತಡೆದು ನಿಂತಳು. ಈಗ ಹಿಮ್ಮಡಿ ತಾಗದೆ ಇದ್ದದ್ದು ಎಡಗಾಲಿನದು. ನೋವು ಕಾಲು ಬದಲಾಯಿಸುವುದುಂಟೆ?

ಸಂಜೆಯ ಓರೆ ಬಿಸಿಲಲ್ಲಿ ಬೆಳಗಿನ ಹೆಜ್ಜೆಗಳು ಕೆತ್ತಿಟ್ಟಂತೆ ಕಾಣುತ್ತಿದ್ದವು. ಅವಳು ಬಾಗಿ ನೋಡಿದಳು. ಅವನು ಕುಂಟತೊಡಗಿದ್ದ ಆ ಮೊದಲನೆಯ ತಿರುವಿನ ಈಚೆಗೆಲ್ಲ ಹುಮೈದನ ಹೆಜ್ಜೆ ನೆಟ್ಟಗೆ, ಗಟ್ಟಿಯಾಗಿ ಊರಿತ್ತು. ಅದರ ಹಿಂದೆ ಇನ್ನೊಂದು ಹೆಜ್ಜೆ. ಎಡಗಾಲಿನ ಹೆಬ್ಬೆರಳು ಉದ್ದಕ್ಕೂ ಗೀರೆಳೆದಿತ್ತು. ಯಾವ ಮುದುಕಿಯಪ್ಪಾ ಇವಳು, ಇಷ್ಟು ನೋವಿಟ್ಟುಕೊಂಡು ಬೆಟ್ಟ ಹತ್ತಿದ್ದಾಳಲ್ಲ ಎಂದು ಅವಳಿಗೆ ಮರುಕವಾಯಿತು. ಆಮೇಲೆ ಅಟ್ಟೆಯ ತೇಪೆಯ ಗುರುತು ಕಂಡಿತು. ಆ ತೇಪೆ ಹೊಲಿದವಳು ಅವಳೇ.

ತನ್ನ ಹೆಜ್ಜೆಯನ್ನು ಯಾರು ತಿರುಗಿ ನೋಡುತ್ತಾರೆ? ಸೊಂಟದ ಕೆಳಗಿನ ಉರಿಯನ್ನು ಅವಳು ಚಳಿಯ ಲೆಕ್ಕಕ್ಕೆ, ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಿದ್ದಳು.

"ಯಾವಾಗಿಂದ ಗೊತ್ತು ನಿನಗೆ?" ಎಂದಳು.

ಹುಮೈದ ಮೂಟೆ ಇಳಿಸಿದ. "ಚಳಿಗಾಲದಿಂದ. ಬಾವಿ ದಾರೀಲಿ ನೋಡ್ತಾನೇ ಇದೀನಿ."

"ಹೇಳಬಾರದಿತ್ತಾ?"

"ಹೇಳಿದ್ರೆ ಕೂರ್ತಿದ್ಯಾ ನೀನು? ನಂಗೆ ನೋವು ಅಂದ್ರೆ ಮಾತ್ರ ನೀನು ಕೂರೋದು."

"ಕುಂಟೋದಾದ್ರೂ ನೆಟ್ಟಗೆ ಕುಂಟ್ಬಾರದಾ? ಹತ್ತುವಾಗ ಬಲಗಾಲು, ಇಳಿಯುವಾಗ ಎಡಗಾಲು."

"ಬರೋವಾಗ ಯಾವ್ದು ಅಂತ ಮರ್ತೋಯ್ತು ಕಣೆ."

ಅವಳಿಗೆ ನಗು ಬಂತು. ತೋಟ ಬಿಟ್ಟುಕೊಡಿಸುವ ಮಾತನ್ನು ಆಗ ಹೇಳಿದಳು, ಏನನ್ನೂ ಉಳಿಸಿಕೊಳ್ಳದೆ. ನಿನಗೆ ಹತ್ತೋದಕ್ಕಾಗದ ತೋಟ ನನಗೂ ಬೇಡ, ಹುಡುಗನಿಗೇ ಕೊಡೋಣ ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಬೊಡ್ಡೆ ಸವರಿದ ಆ ಕೈಯನ್ನು ಅವಳು ನೋಡಿದ್ದಳಲ್ಲ.

"ಒಂದೇ ದಿನದಲ್ಲಿ ಹತ್ತಿಳೀಬೇಕು ಅಂತ ಯಾರು ಹರಕೆ ಹೊತ್ತಿದಾರೆ?" ಎಂದಳು. "ಮೇಲೇ ಮಲಗೋಣ. ಆಡನ್ನ ಸೊಸೆ ನೋಡ್ಕೋತಾಳೆ."

"ಅಜ್ಜನ ಗುಡಿಸಲಿಗೆ ಸೂರಿಲ್ಲ."

"ಹಾಕು."

ಅವನು ಅವಳ ಮೂಟೆಯನ್ನೂ ತನ್ನ ಬೆನ್ನಿಗೇರಿಸಿದ. ಅವಳು ತಡೆಯಲಿಲ್ಲ. ಈ ಸಲ ಮುಂದೆ ನಡೆದವಳು ಫ್ರೇಜಾ. ಹಿಂದಿನಿಂದ ಅವನು ಓದುತ್ತಿದ್ದಾನೆಂದು ಗೊತ್ತಿತ್ತು. ಎಡಗಾಲು ಎಳೆಯಿತು, ಎಳೆಯಲಿ ಎಂದು ಬಿಟ್ಟಳು.